ನೆಟ್‌ವರ್ಕ್ ಕಾರ್ಡ್ ಕೊಳ್ಳುವ ಮುನ್ನ

ಪೇಟೆಯಲ್ಲಿ ಯಾರೋ ಬಳಸಿ ಬಿಟ್ಟ ಹಳೆಯ ಕಂಪ್ಯೂಟರನ್ನು ಕಡಿಮೆ ಬೆಲೆಗೆ ಮನೆಗೆ ತರುವವರಿದ್ದಾರೆ. ತಂದ ಮೇಲೆ ಇಂಟರ್ನೆಟ್ಟೂ ಬೇಕಲ್ಲ! ತಂತಿಯ ಮೂಲಕ ಅದನ್ನು ಪಡೆಯಲು ನೆಟ್‌ವರ್ಕ್ ಕಾರ್ಡ್ ಬೇಕು. ಅಂಗಡಿಯಲ್ಲಿ ಕೆಲವು ನೂರು ರೂಪಾಯಿಯದೂ ಇದೆ, ಸಾವಿರಾರು ರೂಪಾಯಿಯದೂ ಇದೆ. ಹೆಚ್ಚು ದುಡ್ಡು ಕೊಟ್ಟರೆ ಹೆಚ್ಚು ವೇಗ ಅಂತ ತಿಳಿಯಬೇಡಿ. ಯಾಕೆ ಅಂತ ನೋಡೋಣ.

ಕಾರ್ಡ್ ಎಂದರೇನು?

ಇದು ಅಂಗೈಯಗಲದ ಒಂದು ಸಣ್ಣ ಹಲಗೆ. ಕಂಪ್ಯೂಟರಿನೊಳಗಿನ ಮಾಹಿತಿಯನ್ನು ವಿದ್ಯುತ್ ಸಂಕೇತವಾಗಿ ತಂತಿಗೆ ಕೊಡುತ್ತದೆ, ತಂತಿಯಲ್ಲಿ ಬಂದದ್ದನ್ನು ಒಳಗೆ ತಲುಪಿಸುತ್ತದೆ. ಈ ವ್ಯವಸ್ಥೆಯ ಹೆಸರು ಈಥರ್ನೆಟ್. ೧೯೭೩ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಇದನ್ನು ರೂಪಿಸಿದರು.

ಮೊದಲು ಡಬ್ಬದ ಹಿಂಭಾಗ ನೋಡಿ

ಟೆಲಿಫೋನ್ ತಂತಿ ಸಿಕ್ಕಿಸುವ ಕಿಂಡಿಗಿಂತ ಸ್ವಲ್ಪ ಅಗಲವಾದ ಚೌಕ ಕಿಂಡಿ ಇದೆಯೇ? ಇದ್ದರೆ ಕಾರ್ಡಿನ ಕೆಲಸ ಮಾಡುವ ಭಾಗ ಒಳಗೇ ಇದೆ. ಅದು ಕೆಲಸ ಮಾಡದಿದ್ದರೆ ಮೊದಲು ಬೇರೆ ತಂತಿ ಹಾಕಿ ನೋಡಿ, ಡ್ರೈವರ್ ಇದೆಯೇ ನೋಡಿ, ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿದ್ದಾರೆಯೇ ನೋಡಿ. ಇಷ್ಟರಲ್ಲೇ ಸರಿಹೋದರೆ ದುಡ್ಡು ಉಳಿಯಿತು. ಸಿಡಿಲಿಗೆ ಸುಟ್ಟುಹೋಗಿದ್ದರೆ ಮಾತ್ರ ಕಾರ್ಡ್ ಬೇಕು.

ಸ್ಲಾಟ್ ಅಳೆಯಿರಿ

ಕರೆಂಟಿನ ವಯರ್ ಕಿತ್ತು, ಡಬ್ಬ ತೆರೆದು ಸ್ಕೇಲ್ ಹಿಡಿಯಿರಿ. ಕಾರ್ಡ್ ಕೂರಿಸುವ ಸ್ಲಾಟ್ ಸುಮಾರು ಎಂಟೂವರೆ ಸೆಂ.ಮೀ. ಉದ್ದವಿದ್ದು ಹಳೆಯ ಕಂಪ್ಯೂಟರಾದರೆ ಅದು ಪಿ.ಸಿ.ಐ. ಆಗಿರಬಹುದು. ಎರಡೂವರೆ ಸೆಂ.ಮೀ. ಇದ್ದರೆ ಪಿ.ಸಿ.ಐ. ಎಕ್ಸ್‌ಪ್ರೆಸ್. ಒಂದರ ಕಾರ್ಡ್ ಇನ್ನೊಂದಕ್ಕೆ ಕೂರುವುದಿಲ್ಲ. ಬೋರ್ಡಿನ ಮೇಲಿರುವ ಹೆಸರು, ನಂಬರು ಬರೆದುಕೊಂಡು ಅಂಗಡಿಗೆ ಹೋದರೆ ಇನ್ನೂ ಒಳ್ಳೆಯದು. ಸ್ಲಾಟ್ ಖಾಲಿ ಇಲ್ಲದಿದ್ದರೆ ಯು.ಎಸ್.ಬಿ.ಗೆ ಸಿಕ್ಕಿಸುವ ಅಡಾಪ್ಟರೂ ಸಿಗುತ್ತದೆ.

ವೇಗದ ಲೆಕ್ಕ

ಸಾಮಾನ್ಯವಾಗಿ ಸಿಗುವ ಕಾರ್ಡುಗಳಲ್ಲಿ ಎರಡು ಬಗೆ ಇವು: ಸೆಕೆಂಡಿಗೆ ೧೦೦ ಮೆಗಾಬಿಟ್‌ನದು ಮತ್ತು ೧೦೦೦ ಮೆಗಾಬಿಟ್‌ನದು. ೧೦೦೦ದ್ದನ್ನೇ ಗಿಗಾಬಿಟ್ ಅನ್ನುತ್ತಾರೆ. ೮ ಬಿಟ್ ಸೇರಿ ಒಂದು ಬೈಟ್. ಹಾಗಾದರೆ ಒಂದು ಸಿ.ಡಿ.ಯಷ್ಟು, ಅಂದರೆ ೭೦೦ ಮೆಗಾಬೈಟ್ ಮಾಹಿತಿ ೫೬೦೦ ಮೆಗಾಬಿಟ್ ಆಯಿತು. ೧೦೦ರ ಕಾರ್ಡಿಗೆ ಕಡಿಮೆಯೆಂದರೂ ೫೬ ಸೆಕೆಂಡು ಬೇಕು, ೧೦೦೦ದ ಕಾರ್ಡಿಗೆ ಆರು ಸೆಕೆಂಡೂ ಬೇಡ.

ಆದರೆ ಮನೆಗೆ ಬರುವ ಲೈನೇ ೪೦ ಮೆಗಾಬಿಟ್‌ನದಾದರೆ? ೫೬೦೦ನ್ನು ೪೦ರಿಂದ ಭಾಗಿಸಿ. ೧೪೦ ಸೆಕೆಂಡು. ಯಾವ ಕಾರ್ಡ್ ಹಾಕಿದರೂ ಅಷ್ಟೇ! ಕೆರೆಯ ತೂಬು ಚಿಕ್ಕದಿದ್ದರೆ ಕಾಲುವೆ ಎಷ್ಟು ಅಗಲ ಮಾಡಿದರೂ ನೀರು ಹೆಚ್ಚು ಬರುತ್ತದೆಯೇ? ಇದೂ ಹಂಗೇ.

ಲೈನ್ ೧೦೦ಕ್ಕಿಂತ ವೇಗದ್ದಾದರೆ, ಇಲ್ಲವೇ ಎರಡು ಕಂಪ್ಯೂಟರುಗಳ ನಡುವೆ ದೊಡ್ಡ ಫೈಲುಗಳನ್ನು ಕಳಿಸುವುದಿದ್ದರೆ ಗಿಗಾಬಿಟ್ ಉಪಯೋಗಕ್ಕೆ ಬರುತ್ತದೆ. ಆಗಲೂ ಮೋಡೆಮ್ ಅಥವಾ ಸ್ವಿಚ್ ಗಿಗಾಬಿಟ್‌ನದಾಗಿರಬೇಕು. ೧೦೦ರ ವೇಗಕ್ಕೆ ಕೇಬಲ್ಲಿನೊಳಗಿನ ನಾಲ್ಕು ಎಳೆ ಸಾಕು, ಗಿಗಾಬಿಟ್ಟಿಗೆ ಎಂಟೂ ಎಳೆ ಸರಿಯಿರಬೇಕು. ಎರಡರ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಗಿಗಾಬಿಟ್ಟನ್ನೇ ಕೊಳ್ಳಿ, ನಷ್ಟವಿಲ್ಲ. ಸಾವಿರಾರು ರೂಪಾಯಿಯ ಸರ್ವರ್ ಕಾರ್ಡ್ ಮಾತ್ರ ಮನೆಗೆ ಬೇಡ.

ನೆನಪಿಡಿ

೧. ಕಾರ್ಡಿನ ಹೆಸರಿಗಿಂತ ಅದರ ಮೇಲಿನ ಚಿಪ್ ಮುಖ್ಯ. ತೈವಾನಿನ ರಿಯಲ್‌ಟೆಕ್ ಚಿಪ್ ಇರುವ ಅಗ್ಗದ ಕಾರ್ಡುಗಳು ಬಹಳ. ವಿಂಡೋಸ್, ಲಿನಕ್ಸ್ ಎರಡಕ್ಕೂ ಅವುಗಳ ಡ್ರೈವರ್ ಸಿಗುತ್ತದೆ.

೨. ಕೇಬಲ್ ಒಂದೇ ಎಳೆತದಲ್ಲಿ ೧೦೦ ಮೀಟರ್ ಮೀರಬಾರದು.

೩. ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಕೇಳಿ, ರಸೀದಿ ಇಟ್ಟುಕೊಳ್ಳಿ.

೪. ಗುಡುಗು ಸಿಡಿಲಿನ ಸೂಚನೆ ಕಂಡ ಕೂಡಲೇ ಕೇಬಲ್ ಕಿತ್ತುಬಿಡಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಬೇಡಿ. ಸಿಡಿಲಿಗೆ ಅಗ್ಗದ ಕಾರ್ಡ್, ದುಬಾರಿ ಕಾರ್ಡ್ ಎಂಬ ಭೇದವಿಲ್ಲ!