ಆಂಜಿಯೋಗ್ರಾಮ್ ನಾರ್ಮಲ್, ಆದರೂ ಎದೆನೋವು ಏಕೆ?

"ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತದೆ. ಆಂಜಿಯೋಗ್ರಾಮ್‌ನಲ್ಲಿ ಬ್ಲಾಕ್ ಇಲ್ಲವಂತೆ. ಗ್ಯಾಸ್ ಇರಬೇಕು ಅಂದರು." ಫೈಲು ಹಿಡಿದು ನನ್ನ ದವಾಖಾನೆಗೆ ಬರುವ ಎಷ್ಟೋ ಹೆಂಗಸರ ಮಾತಿದು. ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ಅವರ ನೋವನ್ನು ಬರೀ ಟೆನ್ಷನ್ ಎಂದು ತಳ್ಳಿಹಾಕಬೇಡಿ.

ಆಂಜಿಯೋಗ್ರಾಮ್ ತೋರಿಸುವುದು ಹೃದಯದ ದೊಡ್ಡ ರಕ್ತನಾಳಗಳನ್ನು. ಅರ್ಧ ಮಿಲಿಮೀಟರ್‌ಗಿಂತ ಸಣ್ಣ ನಾಳಗಳು ಅದರಲ್ಲಿ ಕಾಣುವುದಿಲ್ಲ. ರಸ್ತೆಯ ದೊಡ್ಡ ಪೈಪು ಸರಿಯಿದ್ದರೂ ಮನೆಯ ನಲ್ಲಿಗೆ ನೀರು ಬಾರದಿರಬಹುದಲ್ಲವೇ? ಹಾಗೆಯೇ ಸಣ್ಣ ನಾಳಗಳು ಸರಿಯಾಗಿ ಹಿಗ್ಗದಿದ್ದರೆ ಹೃದಯದ ಸ್ನಾಯುವಿಗೆ ರಕ್ತ ಸಾಲದೆ ನೋವು ಬರುತ್ತದೆ. ಇದು ಹೆಂಗಸರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ, ಬಿಪಿ ಇದ್ದವರಲ್ಲೂ ಕಾಣುತ್ತದೆ.

ಈ ಹರಿವನ್ನು ಅಳೆಯಬಹುದು. ವಿಶ್ರಾಂತಿಯಲ್ಲಿರುವಾಗ ಹೃದಯದ ಪ್ರತಿ ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಸುಮಾರು 1 ಮಿಲಿಲೀಟರ್ ರಕ್ತ ಬೇಕು. ನಾಳ ಹಿಗ್ಗಿಸುವ ಅಡೆನೋಸಿನ್ ಔಷಧಿ ಕೊಟ್ಟಾಗ ಆರೋಗ್ಯವಂತರಲ್ಲಿ ಅದು 3-4 ಪಟ್ಟು ಏರುತ್ತದೆ. 2 ಪಟ್ಟು ಕೂಡ ಏರದಿದ್ದರೆ ದೋಷವಿದೆ ಎಂದರ್ಥ. ಪೆಟ್ ಸ್ಕ್ಯಾನ್ ಅಥವಾ ಹೃದಯದ ಎಂಆರ್‌ಐಯಿಂದ ಇದನ್ನು ನೋಡುತ್ತಾರೆ. ಆಂಜಿಯೋಗ್ರಾಮ್ ವೇಳೆಯಲ್ಲೇ ತೆಳು ತಂತಿ ಹಾಯಿಸಿಯೂ ಅಳೆಯಬಹುದು.

ಅಳೆದರೆ ಲಾಭವೇನು? ಸ್ಕಾಟ್ಲೆಂಡಿನಲ್ಲಿ ಇಂಥ 151 ರೋಗಿಗಳಿಗೆ ತಂತಿಯ ಪರೀಕ್ಷೆ ಮಾಡಿ, ಸುಮಾರು ಅರ್ಧದಷ್ಟು ಮಂದಿಯ ಫಲಿತಾಂಶವನ್ನು ಮಾತ್ರ ವೈದ್ಯರಿಗೆ ತಿಳಿಸಲಾಯಿತು. ಫಲಿತಾಂಶ ನೋಡಿ ಔಷಧಿ ಪಡೆದವರಿಗೆ 6 ತಿಂಗಳಲ್ಲಿ ನೋವಿನ ಕಾಟ ಹೆಚ್ಚು ತಗ್ಗಿತ್ತು. ಈ ಅಧ್ಯಯನ 2018ರಲ್ಲಿ ಪ್ರಕಟವಾಯಿತು.

ನಾನು ಯುನಾನಿ ವೈದ್ಯ. ನಬ್ಜ್ ಹಿಡಿದು ಈ ಹರಿವನ್ನು ಅಳೆಯಲಾಗದು. ಖಮೀರಾ ತಿಂದು ಕಾಯೋಣ ಎಂದೂ ನಾನು ಹೇಳಲಾರೆ. ಹೃದಯ ತಜ್ಞರ ಬಳಿ ಹೋಗಿ, "ಸಣ್ಣ ನಾಳಗಳ ರಕ್ತದ ಹರಿವನ್ನು ನೋಡಬಹುದೇ?" ಎಂದು ಕೇಳಿ. ಈ ಸೌಲಭ್ಯ ಎಲ್ಲ ಊರುಗಳಲ್ಲಿ ಇಲ್ಲ, ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಬೇಕು. ಅಸ್ತಮಾ ಇದ್ದರೆ ಮೊದಲೇ ತಿಳಿಸಿ. ಚಹಾ, ಕಾಫಿ ಯಾವಾಗಿನಿಂದ ಬಿಡಬೇಕೆಂದು ಕೇಳಿಕೊಳ್ಳಿ.

ವಾಕಿಂಗ್, ಬಿಪಿ ಮತ್ತು ಸಕ್ಕರೆಯ ಹಿಡಿತ, ಬೀಡಿ-ಸಿಗರೇಟಿನಿಂದ ದೂರ ಇರುವುದು ಎಲ್ಲರಿಗೂ ಒಳ್ಳೆಯದು. ಆದರೆ ನೋವಿನ ಜೊತೆ ಬೆವರು, ಉಸಿರುಕಟ್ಟು ಬಂದರೆ, ಹಳೆಯ ರಿಪೋರ್ಟ್ ನಾರ್ಮಲ್ ಇದ್ದರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.