ಮಗುವಿನ ಪಾಲು ಯಾರ ಕೈಗೆ?

ಬ್ರಿಟನ್ನಿನಲ್ಲಿ ಗಂಡ ಹೆಂಡತಿ ಬೇರೆಯಾಗಿದ್ದಾರೆ, ಮಗು ತಾಯಿಯ ಬಳಿ ಇದೆ ಎಂದುಕೊಳ್ಳಿ. ಮಗುವಿನ ಖರ್ಚಿಗೆ ತಂದೆ ವಾರಕ್ಕೆ 100 ಪೌಂಡ್ ಕೊಡಬೇಕೆಂದು ಸರ್ಕಾರಿ ಕಚೇರಿ ಲೆಕ್ಕ ಹಾಕಿದೆ. ಆತ ಕೊಡುತ್ತಿಲ್ಲ. ಕಚೇರಿಯೇ ವಸೂಲಿಗೆ ಇಳಿಯುತ್ತದೆ. ಆಗ ಆತನಿಂದ ಕಡಿತವಾಗುವುದು 120 ಪೌಂಡ್, ತಾಯಿಯ ಖಾತೆಗೆ ಜಮೆಯಾಗುವುದು 96. ನಡುವಿನ 24 ಪೌಂಡ್ ಸರ್ಕಾರದ ಶುಲ್ಕ.

ಬೇರೆಯಾದ ತಂದೆತಾಯಿಯ ನಡುವೆ ಸರ್ಕಾರ ಒಂದು ಕಚೇರಿ ತೆರೆದು ಕೂರುವುದು ಒಳ್ಳೆಯ ಕೆಲಸವೆಂದೇ ನಾನು ನಂಬಿದ್ದೇನೆ. ಆದರೆ ಆ ಕಚೇರಿ ಹುಟ್ಟಿದ ಬಗೆಯನ್ನು ಓದುತ್ತಾ ಹೋದರೆ, ಮಗುವಿಗೆ ಹಣ ತಲುಪಲಿ ಎಂಬ ಕಾಳಜಿಗಿಂತ ಬಹಳ ಮೊದಲೇ, ಮಗುವಿನ ಖರ್ಚು ತಮ್ಮ ತಲೆಗೆ ಬಾರದಿರಲಿ ಎಂಬ ಆಳುವವರ ಚಿಂತೆ ಕಾಣಿಸುತ್ತದೆ. ನಮ್ಮ ಕಾನೂನಿಗೂ ಅದೇ ಬೇರು.

ಇಂಗ್ಲೆಂಡಿನಲ್ಲಿ ಈ ಕತೆ 1576ರಷ್ಟು ಹಿಂದಕ್ಕೆ ಹೋಗುತ್ತದೆ. ಒಂದು ಚರ್ಚಿನ ಸುತ್ತಲಿನ ಊರನ್ನು ಅಲ್ಲಿ ಪ್ಯಾರಿಷ್ ಎನ್ನುತ್ತಾರೆ. ದಿಕ್ಕಿಲ್ಲದವರನ್ನು ನೋಡಿಕೊಳ್ಳುವ ಖರ್ಚು ಪ್ಯಾರಿಷಿನದು, ಎಂದರೆ ಊರವರದು. ಮದುವೆಯಾಗದ ಹೆಣ್ಣಿಗೆ ಮಗು ಹುಟ್ಟಿದರೆ ಆ ಖರ್ಚೂ ಅಲ್ಲಿಗೇ ಬರುತ್ತಿತ್ತು. ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಆ ಕಾಯ್ದೆ, ತಂದೆ ಯಾರೆಂದು ತೀರ್ಮಾನಿಸಿ ತಂದೆತಾಯಿಯಿಂದ ವಾರವಾರ ಹಣ ಕಟ್ಟಿಸಿಕೊಳ್ಳುವ ಅಧಿಕಾರವನ್ನು ಊರಿನ ನ್ಯಾಯಾಧಿಕಾರಿಗಳಿಗೆ ಕೊಟ್ಟಿತು. ಕಟ್ಟದಿದ್ದರೆ ಸೆರೆಮನೆ. ಪ್ಯಾರಿಷಿನ ಭಾರ ಇಳಿಸುವುದೇ ಅದರ ಉದ್ದೇಶ.

1834ರಲ್ಲಿ ಬಂದ ಹೊಸ ಬಡವರ ಕಾಯ್ದೆ ಇನ್ನೂ ಕಟುವಾಯಿತು. ಮದುವೆಯಿಲ್ಲದೆ ಹುಟ್ಟಿದ ಮಗುವಿನ ಹೊಣೆಯನ್ನು ಅದು ತಾಯಿಯ ಮೇಲೇ ಹೊರಿಸಿತು. ಪ್ಯಾರಿಷ್ ತಂದೆಯನ್ನು ಹಿಡಿದು ವಸೂಲು ಮಾಡಿದರೂ ಆ ಹಣದಲ್ಲಿ ಒಂದು ಕಾಸೂ ತಾಯಿಯ ಹೊಟ್ಟೆಗೆ ಹೋಗಬಾರದೆಂದು ಬರೆದಿಟ್ಟಿತು. ತನ್ನ ಪರವಾಗಿ ತಾನೇ ಕೋರ್ಟಿಗೆ ಹೋಗಿ ತಂದೆಯಿಂದ ಹಣ ಕೇಳುವ ಹಕ್ಕು ಆಕೆಗೆ ಸಿಕ್ಕಿದ್ದು ಹತ್ತು ವರ್ಷಗಳ ನಂತರ, 1844ರಲ್ಲಿ. ಸಿಗಬಹುದಾಗಿದ್ದ ಮೊತ್ತ ವಾರಕ್ಕೆ ಸುಮಾರು ಎರಡೂವರೆ ಶಿಲಿಂಗ್.

ಈ ಆಲೋಚನೆ ಹಡಗು ಹತ್ತಿ ನಮ್ಮಲ್ಲಿಗೂ ಬಂತು. 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಹೆಂಡತಿ ಮಕ್ಕಳನ್ನು ಕೈಬಿಟ್ಟವನಿಗೆ ಮ್ಯಾಜಿಸ್ಟ್ರೇಟ್ ತಿಂಗಳ ಜೀವನಾಂಶ ವಿಧಿಸುವ ಕಲಮು ಸೇರಿತು. ಮದುವೆಯೊಳಗಿನ ಮಗು, ಹೊರಗಿನ ಮಗು ಎಂಬ ಭೇದವನ್ನು ಅದು ಮಾಡಲಿಲ್ಲ. ಅಷ್ಟು ಹಿಂದೆಯೇ ಹಾಗೆ ಬರೆದದ್ದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಗಂಡನ ಹಣದ ವ್ಯವಹಾರ ಕ್ರಿಮಿನಲ್ ಸಂಹಿತೆಯಲ್ಲಿ ಏಕಿದೆ? 1872ರ ಸಂಹಿತೆಯನ್ನು ರೂಪಿಸಿದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಇದನ್ನು ಅಲೆಮಾರಿತನ ತಡೆಯುವ ಉಪಾಯವೆಂದು ವಿವರಿಸಿದ. ಹಸಿದವರು ಬೀದಿಗೆ ಬಿದ್ದರೆ ಶಾಂತಿಭಂಗ. ಆದ್ದರಿಂದ ಇದು ಪೊಲೀಸು, ಮ್ಯಾಜಿಸ್ಟ್ರೇಟರ ಕೆಲಸ. 1898ರಲ್ಲಿ 488ನೇ ಕಲಮು, 1973ರಲ್ಲಿ 125, ಈಗ 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಅಂಕಿ ಬದಲಾಗುತ್ತ ಬಂತು, ಕಲಮು ಮಾತ್ರ ಕ್ರಿಮಿನಲ್ ಪುಸ್ತಕದಲ್ಲೇ ಉಳಿಯಿತು.

ಬ್ರಿಟನ್ನಿಗೆ ಮರಳೋಣ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಬಡವರ ಕಾಯ್ದೆ ಹೋಗಿ ಸರ್ಕಾರಿ ಭತ್ಯೆ ಬಂತು. ಒಬ್ಬಂಟಿ ತಾಯಂದಿರು ಹೆಚ್ಚಿದಂತೆ ಭತ್ಯೆಯ ಖರ್ಚೂ ಏರಿತು. ಸರ್ ಮಾರಿಸ್ ಫೈನರ್ ಸಮಿತಿ 1974ರಲ್ಲಿ ಒಂದು ಉದಾರ ದಾರಿ ಸೂಚಿಸಿತು: ಒಬ್ಬಂಟಿ ಪೋಷಕರಿಗೆ ಖಾತರಿಯ ಜೀವನಾಂಶವನ್ನು ಸರ್ಕಾರವೇ ಕೊಡಲಿ, ತಂದೆಯಿಂದ ವಸೂಲು ಮಾಡುವ ತಾಪತ್ರಯವೂ ಅದಕ್ಕೇ ಇರಲಿ. ಸ್ವೀಡನ್ 1930ರ ದಶಕದ ಕೊನೆಯಿಂದಲೇ ಮಕ್ಕಳ ಜೀವನಾಂಶವನ್ನು ಹೀಗೆ ಮುಂಗಡವಾಗಿ ಕೊಡುತ್ತಿತ್ತು. ತಂದೆ ಕೊಟ್ಟನೋ ಬಿಟ್ಟನೋ, ತಿಂಗಳ ಹಾಲು ನಿಲ್ಲುವುದಿಲ್ಲ. ಖರ್ಚಿನ ಮಾತೆತ್ತಿ ಬ್ರಿಟಿಷ್ ಸರ್ಕಾರ ಈ ಸಲಹೆಯನ್ನು ಬದಿಗಿಟ್ಟಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ನೋವಿನದಾಗಿ ಕಾಣುವ ತಿರುವು ಅದು.

ಹದಿನಾರು ವರ್ಷ ಕಳೆಯಿತು. 1990ರ ಜನವರಿಯ ಒಂದು ಭಾಷಣದಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್, ಮಕ್ಕಳನ್ನು ಬಿಟ್ಟುಹೋದ ತಂದೆಯರ ಹೊಣೆಯ ವಿಷಯ ಎತ್ತಿದರು. ಒಬ್ಬಂಟಿ ತಾಯಂದಿರಲ್ಲಿ ನೂರಕ್ಕೆ 30 ಮಂದಿಗೆ ಮಾತ್ರ ಸರಿಯಾಗಿ ಜೀವನಾಂಶ ಬರುತ್ತಿದೆ ಎಂದು ಆ ವರ್ಷದ ಶ್ವೇತಪತ್ರ ಹೇಳಿತು. ಕೋರ್ಟುಗಳು ವಿಧಿಸುವ ಮೊತ್ತಕ್ಕೂ ಒಂದು ಅಳತೆ ಇರಲಿಲ್ಲ. ಆಸ್ಟ್ರೇಲಿಯಾ 1988ರಲ್ಲೇ ಈ ವಸೂಲಿಯನ್ನು ತೆರಿಗೆ ಇಲಾಖೆಗೆ ಒಪ್ಪಿಸಿತ್ತು. ಬ್ರಿಟನ್ ಅದನ್ನು ಗಮನಿಸಿಯೂ ಬೇರೆಯದೇ ಕಚೇರಿ ಕಟ್ಟಲು ಹೊರಟಿತು. 1991ರಲ್ಲಿ ಕಾಯ್ದೆ, 1993ರ ಏಪ್ರಿಲ್‌ನಲ್ಲಿ ಚೈಲ್ಡ್ ಸಪೋರ್ಟ್ ಏಜೆನ್ಸಿ.

ಆರಂಭವೇ ಎಡವಟ್ಟು. ಲೆಕ್ಕದ ಸೂತ್ರಕ್ಕೆ ನೂರಕ್ಕೂ ಹೆಚ್ಚು ಮಾಹಿತಿಗಳು ಬೇಕಿದ್ದವು. ಇಬ್ಬರ ಸಂಬಳ, ಇಬ್ಬರ ಮನೆ ಬಾಡಿಗೆ, ಹೊಸ ಸಂಸಾರದ ವಿವರ. ಒಂದು ಬದಲಾದರೂ ಮತ್ತೆ ಲೆಕ್ಕ. ವಿಚ್ಛೇದನದ ಸಮಯದಲ್ಲಿ ಮನೆಯನ್ನೇ ಹೆಂಡತಿಗೆ ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಕಡಿಮೆ ಜೀವನಾಂಶಕ್ಕೆ ಕೋರ್ಟಿನಲ್ಲಿ ಒಪ್ಪಂದ ಮಾಡಿಕೊಂಡಿದ್ದ ಗಂಡಸರಿದ್ದರು. ಸೂತ್ರ ಆ ಒಪ್ಪಂದಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮನೆ ಕೊಟ್ಟವನ ಬಾಗಿಲಿಗೆ ಹೊಸ ಬಿಲ್ಲು ಬಂತು. ಅವರೂ ಅವರ ಎರಡನೆಯ ಹೆಂಡತಿಯರೂ ಬೀದಿಗಿಳಿದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ತಾಯಂದಿರಿಗಾದರೂ ಅನುಕೂಲವಾಯಿತೇ? ಬಡತನದ ಭತ್ಯೆ ಪಡೆಯುತ್ತಿದ್ದ ತಾಯಿಗೆ ತಂದೆಯಿಂದ ಎಷ್ಟು ಪೌಂಡ್ ಬಂದರೆ ಭತ್ಯೆಯಲ್ಲಿ ಅಷ್ಟೇ ಪೌಂಡ್ ಕಡಿತ. ತಂದೆಯ ಹಣ ಹೊರಟಿತು, ಖಜಾನೆಗೆ ಉಳಿತಾಯವಾಯಿತು, ಮಗುವಿನ ಮನೆಯಲ್ಲಿ ಏನೂ ಬದಲಾಗಲಿಲ್ಲ. ಮೊದಲ ವರ್ಷ ಭತ್ಯೆಯ ಖರ್ಚಿನಲ್ಲಿ 53 ಕೋಟಿ ಪೌಂಡ್ ಉಳಿಸಬೇಕೆಂದು ಏಜೆನ್ಸಿಗೆ ಗುರಿಯನ್ನೇ ಕೊಟ್ಟಿದ್ದರು. ಅರ್ಜಿ ಹಾಕದಿರುವ ಸ್ವಾತಂತ್ರ್ಯವೂ ಆ ತಾಯಂದಿರಿಗಿರಲಿಲ್ಲ. ತನಗೋ ಮಗುವಿಗೋ ಅಪಾಯವಿದೆ ಎಂಬುದನ್ನು ಅಧಿಕಾರಿಗೆ ಮನವರಿಕೆ ಮಾಡಿಕೊಡದೆ ತಂದೆಯ ವಿವರ ಮುಚ್ಚಿಟ್ಟರೆ ಆಕೆಯ ಭತ್ಯೆಗೇ ಕತ್ತರಿ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದವಳು ಅಪರಿಚಿತ ಗುಮಾಸ್ತನ ಮುಂದೆ ಕೂತು ತನ್ನ ಭಯಕ್ಕೆ ಪುರಾವೆ ಕೊಡಬೇಕಾಗಿತ್ತು.

ಏಜೆನ್ಸಿಯ ಮೊದಲ ಮುಖ್ಯಸ್ಥೆ ರಾಸ್ ಹೆಪಲ್‌ವೈಟ್ 1994ರಲ್ಲೇ ರಾಜೀನಾಮೆ ಕೊಟ್ಟರು. 2003ರಲ್ಲಿ ಸೂತ್ರವನ್ನು ಸರಳಗೊಳಿಸಿದರು: ತೆರಿಗೆ ಕಳೆದ ಸಂಬಳದಲ್ಲಿ ಒಂದು ಮಗುವಿಗೆ ಶೇ 15, ಎರಡಕ್ಕೆ 20, ಮೂರು ಅಥವಾ ಹೆಚ್ಚಿದ್ದರೆ 25. ಜೊತೆಗೆ ತಂದ ದುಬಾರಿ ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟಿತು, ಕಡತಗಳು ಸಿಕ್ಕಿಹಾಕಿಕೊಂಡವು. 2006ರಲ್ಲಿ ಸರ್ ಡೇವಿಡ್ ಹೆನ್‌ಶಾ ವರದಿ ಈ ಏಜೆನ್ಸಿಯನ್ನೇ ಮುಚ್ಚಿ ಎಂದಿತು.

ಆಮೇಲೆ ಆದ ಎರಡು ಬದಲಾವಣೆಗಳಿಗೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ. 2008ರಲ್ಲಿ, ಭತ್ಯೆ ಪಡೆಯುವ ತಾಯಿ ಅರ್ಜಿ ಹಾಕಲೇಬೇಕೆಂಬ ಬಲವಂತ ಹೋಯಿತು. 2010ರ ಏಪ್ರಿಲ್‌ನಿಂದ, ಮಗುವಿನ ಜೀವನಾಂಶ ಎಷ್ಟೇ ಬರಲಿ, ಭತ್ಯೆಯಲ್ಲಿ ಒಂದು ಪೆನ್ನಿಯನ್ನೂ ಕಡಿತ ಮಾಡುವುದಿಲ್ಲ ಎಂದಾಯಿತು. ತಂದೆ ಕೊಟ್ಟ ಹಣ ಬಡ ಮನೆಯ ಮಗುವಿಗೂ ಪೂರ್ತಿಯಾಗಿ ಸೇರತೊಡಗಿತು.

2012ರ ಕೊನೆಯಲ್ಲಿ ಶುರುವಾದ ಚೈಲ್ಡ್ ಮೆಂಟೆನೆನ್ಸ್ ಸರ್ವೀಸ್ ಈಗ ಆ ಏಜೆನ್ಸಿಯ ಕೆಲಸ ಮಾಡುತ್ತಿದೆ. ಹದಿನಾರು ವರ್ಷದೊಳಗಿನ ಮಕ್ಕಳು, ಪದವಿಗಿಂತ ಕೆಳಗಿನ ಓದಿನಲ್ಲಿದ್ದರೆ ಇಪ್ಪತ್ತರೊಳಗಿನವರು, ಇದರ ವ್ಯಾಪ್ತಿಯಲ್ಲಿ ಬರುತ್ತಾರೆ. ಕೊಡಬೇಕಾದವರ ಆದಾಯವನ್ನು ಕಚೇರಿ ಅವರ ಬಾಯಿಂದ ಕೇಳುವುದಿಲ್ಲ. ತೆರಿಗೆ ಇಲಾಖೆಯಿಂದಲೇ ತರಿಸಿಕೊಳ್ಳುತ್ತದೆ. ಇಡೀ ವ್ಯವಸ್ಥೆಯ ಜೀವ ಇರುವುದು ಈ ಒಂದು ಏರ್ಪಾಟಿನಲ್ಲಿ. ತೆರಿಗೆಗೆ ಮುಂಚಿನ ವಾರದ ಆದಾಯ 200ರಿಂದ 800 ಪೌಂಡ್‌ವರೆಗೆ ಇದ್ದರೆ ಒಂದು ಮಗುವಿಗೆ ಶೇ 12, ಎರಡಕ್ಕೆ 16, ಮೂರು ಅಥವಾ ಹೆಚ್ಚಿದ್ದರೆ 19. ಅದಕ್ಕಿಂತ ಮೇಲಿನ ಆದಾಯಕ್ಕೆ ದರ ಕಡಿಮೆ. ವಾರಕ್ಕೆ 600 ಪೌಂಡ್ ದುಡಿಯುವ, ಎರಡು ಮಕ್ಕಳ ತಂದೆಯ ಪಾಲು 96 ಪೌಂಡ್. ಮಕ್ಕಳು ವಾರಕ್ಕೆ ಎರಡು ರಾತ್ರಿ ಅವನ ಮನೆಯಲ್ಲಿ ಮಲಗಿದರೆ ಏಳರಲ್ಲಿ ಎರಡು ಭಾಗ ಇಳಿದು ಸುಮಾರು 68.50 ಆಗುತ್ತದೆ. ರಾತ್ರಿಗಳನ್ನು ಹೀಗೆ ಎಣಿಸುವುದರಿಂದ, ಮಗು ಎಲ್ಲಿ ಮಲಗಬೇಕೆಂಬ ಮಾತೇ ಹಣದ ಜಗಳವಾಗುವುದೂ ಉಂಟು. ಮಗು ತಂದೆಯ ಬಳಿ ಇದ್ದರೆ ತಾಯಿ ಕೊಡಬೇಕು; ಸೂತ್ರ ಅದೇ.

ಲೆಕ್ಕ ಹಾಕಿಸಿಕೊಂಡು ತಾವೇ ನೇರವಾಗಿ ಕೊಟ್ಟು ತೆಗೆದುಕೊಂಡರೆ ಶುಲ್ಕವಿಲ್ಲ. ಅದು ನಡೆಯದಿದ್ದಾಗ ಕಚೇರಿ ವಸೂಲಿಗೆ ಇಳಿಯುತ್ತದೆ, ಕೊಡುವವರಿಂದ ಶೇ 20, ಪಡೆಯುವವರಿಂದ ಶೇ 4 ಹಿಡಿಯುತ್ತದೆ. ಸಂಬಳದಿಂದ ಮಾಲೀಕರೇ ಮುರಿದು ಕಳಿಸುವಂತೆ, ಬ್ಯಾಂಕ್ ಖಾತೆಯಿಂದ ನೇರವಾಗಿ ತೆಗೆಯುವಂತೆ ಅದು ಆದೇಶಿಸಬಹುದು. ಹಟ ಹಿಡಿದವರ ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟಿಗೂ ಕುತ್ತು ಬರಬಹುದು, ಕೊನೆಗೆ ಜೈಲು. ನೇರ ಪಾವತಿಯ ಹೆಸರಿನಲ್ಲಿ ಮಾಜಿ ಗಂಡ ಹಿಡಿತ ಮುಂದುವರಿಸುತ್ತಾನೆ, ಒಂದು ವಾರ ಕೊಟ್ಟು ಎರಡು ವಾರ ಸತಾಯಿಸುತ್ತಾನೆ ಎಂಬ ದೂರುಗಳ ನಂತರ, ಆ ದಾರಿಯನ್ನೇ ಮುಚ್ಚಿ ಎಲ್ಲ ಹಣವೂ ಕಚೇರಿಯ ಮೂಲಕ ಹೋಗುವಂತೆ ಮಾಡುವುದಾಗಿ 2025ರಲ್ಲಿ ಸರ್ಕಾರ ಪ್ರಕಟಿಸಿತು.

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಇದು ಅನ್ವಯಿಸುತ್ತದೆ, ಒಂದು ಮಿತಿಯೊಳಗೆ. ಕೊಡಬೇಕಾದವನು ಕೆಲಸ ಬಿಟ್ಟು ಬೆಂಗಳೂರಿಗೆ ಮರಳಿ ಇಲ್ಲಿನ ಕಂಪನಿ ಸೇರಿದರೆ ಆ ಕಚೇರಿಯ ಕೈ ಇಲ್ಲಿಗೆ ಚಾಚುವುದಿಲ್ಲ. ತಾಯಿ ಮತ್ತೆ ಕೋರ್ಟಿನ ಮೆಟ್ಟಿಲನ್ನೇ ಹತ್ತಬೇಕು.

ನಮ್ಮಲ್ಲಂತೂ ಇರುವುದು ಆ ಮೆಟ್ಟಿಲು ಮಾತ್ರ. ಮಗುವಿನ ಜೀವನಾಂಶ ಲೆಕ್ಕ ಹಾಕಿ ವಸೂಲು ಮಾಡಿಕೊಡುವ ಸರ್ಕಾರಿ ಕಚೇರಿ ಭಾರತದಲ್ಲಿಲ್ಲ. ತಿಂಗಳಿಗೆ 500 ರೂಪಾಯಿ ಮೀರಬಾರದೆಂಬ ಹಳೆಯ ಮಿತಿಯನ್ನು ಕೇಂದ್ರದ ಕಾಯ್ದೆಯಿಂದ ತೆಗೆದದ್ದು 2001ರಲ್ಲಿ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಆದಷ್ಟೂ 60 ದಿನದಲ್ಲಿ ತೀರ್ಮಾನಿಸಿ ಎಂಬ ಮಾತು ಸೇರಿದ್ದೂ ಆಗಲೇ. 2020ರ ನವೆಂಬರ್‌ನಲ್ಲಿ ರಜನೇಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಲೇಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದಿತು. ದೊಡ್ಡ ಉಪಕಾರ. ಆದರೂ ಆದಾಯ ತಾನು ಹೇಳಿದ್ದಷ್ಟೇ ಎಂದು ಪ್ರಮಾಣ ಮಾಡುವವನು ಅವನೇ. ಅದು ಸುಳ್ಳೆಂದು ತೋರಿಸಬೇಕಾದವಳು ಇವಳೇ.

ಆದೇಶ ಕೈಗೆ ಬಂದ ಮೇಲೂ ಓಡಾಟ ಮುಗಿಯುವುದಿಲ್ಲ. ಹಣ ನಿಂತರೆ ಮತ್ತೆ ಅರ್ಜಿ, ವಾರಂಟಿಗೆ ಅಲೆದಾಟ, ಅವನು ಮನೆ ಬದಲಿಸಿದ್ದರೆ ಹೊಸ ವಿಳಾಸದ ಹುಡುಕಾಟ. ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ಕಂತಿಗೆ ವಾರಂಟ್ ಹೊರಡಿಸುವಂತಿಲ್ಲ ಎನ್ನುತ್ತದೆ ಕಲಮು. ಕೂಲಿ ಬಿಟ್ಟು, ಮಗುವನ್ನು ಸೊಂಟಕ್ಕೆ ಹಾಕಿಕೊಂಡು ತಾರೀಕಿಗೆ ಬರುವ ಹೆಂಗಸು ಈ ಗಡುವಿನ ಲೆಕ್ಕ ಇಡಬೇಕೆಂದು ಕಾನೂನು ನಿರೀಕ್ಷಿಸುತ್ತದೆ.

ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡುವ ಕಾನೂನು ಸೇವಾ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ಕೋರ್ಟಿನ ಅರ್ಜಿಗಳಿಗೆ ಅದರ ನೆರವು ಸಿಗುತ್ತದೆ. ಅದೇ ಕಟ್ಟಡದಲ್ಲಿ ಇನ್ನೊಂದು ಮೇಜು ಹಾಕಿ, ಜೀವನಾಂಶದ ಪ್ರತಿ ಆದೇಶವನ್ನೂ ದಾಖಲಿಸಿ, ತಿಂಗಳ ಕಂತು ಬಂತೇ ಎಂದು ನೋಡುವ ಕೆಲಸವನ್ನು ಒಬ್ಬ ಅಧಿಕಾರಿಗೆ ವಹಿಸಬಹುದು. ಆದಾಯ ತೆರಿಗೆಯ ವಿವರ ಕೇಳುವ, ಸಂಬಳ ಕೊಡುವವರಿಗೆ ನೋಟಿಸ್ ಕಳಿಸುವ, ವರ್ಷದ ಗಡುವು ಮೀರುವ ಮೊದಲೇ ತಾನಾಗಿ ಅರ್ಜಿ ಹಾಕುವ ಅಧಿಕಾರ ಅವರಿಗಿರಬೇಕು. ವಸೂಲಾದ ಹಣದಲ್ಲಿ ಒಂದು ರೂಪಾಯಿಯನ್ನೂ ಸರ್ಕಾರ ಹಿಡಿದುಕೊಳ್ಳಬಾರದು.