ಹಕ್ಕು ಬಂದರೆ ಸಾಲದು, ಹೆಸರೂ ಬರಬೇಕು

ಊಟಕ್ಕೆ ಕರೆದು ಎಲೆ ಹಾಕದಿದ್ದರೆ ಅತಿಥಿಯ ಪಾಡೇನು? ಸಂವಿಧಾನವು ಹಕ್ಕನ್ನಿತ್ತೂ ಮತದಾರರ ಪಟ್ಟಿಯು ಹೆಸರನ್ನು ಮರೆತರೆ ಪ್ರಜೆಯ ಪಾಡೂ ಅಷ್ಟೆ.

ಈ ತೊಡಕು ಹೊಸದಲ್ಲ. 1951–52ರ ಪ್ರಥಮ ಮಹಾಚುನಾವಣೆಗೆ ಪಟ್ಟಿ ಸಿದ್ಧವಾಗುತ್ತಿದ್ದಾಗ, ಮುಖ್ಯವಾಗಿ ಉತ್ತರದ ಕೆಲವು ಪ್ರಾಂತಗಳಲ್ಲಿ, ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳಲೊಲ್ಲದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಯಿಸಿದರು. ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು.

1988ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನದ 61ನೆಯ ತಿದ್ದುಪಡಿಯನ್ನು ಅಂಗೀಕರಿಸಿ, ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಅದು ಜಾರಿಗೆ ಬಂದುದು 1989ರ ಮಾರ್ಚ್ 28ರಂದು. ಆದರೆ ಪಟ್ಟಿಗಾಗಿ ವಯಸ್ಸನ್ನೆಣಿಸುವ ದಿನ ಜನವರಿ 1, ಅದಾಗಲೇ ಕಳೆದುಹೋಗಿತ್ತು! ಆದುದರಿಂದ 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯಲ್ಲಿಯೂ 18 ಎಂದು ತಿದ್ದಿ, ಆ ಒಂದು ವರ್ಷದ ಮಟ್ಟಿಗೆ ಏಪ್ರಿಲ್ 1ನ್ನು ಅರ್ಹತೆಯ ದಿನವೆಂದು ಗೊತ್ತುಮಾಡಲಾಯಿತು. ಅದೇ ನವೆಂಬರಿನಲ್ಲಿ ಲೋಕಸಭೆಗೂ ಕರ್ನಾಟಕ ವಿಧಾನಸಭೆಗೂ ಚುನಾವಣೆ ನಡೆದಾಗ ಹೊಸ ತರುಣರು ಮತಗಟ್ಟೆಯನ್ನು ಕಂಡರು.

ಮರುವರ್ಷದಿಂದ ಮತ್ತೆ ಜನವರಿ 1. ಜನವರಿ 2ರಂದು 18 ತುಂಬಿದವರು ಮುಂದಿನ ವರ್ಷದವರೆಗೆ ಕಾಯಬೇಕಾಗಿತ್ತು. ಈ ಕೊರತೆ ನೀಗಿದುದು 2021ರ ತಿದ್ದುಪಡಿಯಿಂದ. 2022ರ ಆಗಸ್ಟಿನಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳು ನಾಲ್ಕೂ ಅರ್ಹತೆಯ ದಿನಗಳಾಗಿವೆ.

ವಯಸ್ಸಿನಷ್ಟೇ ವಾಸಸ್ಥಳವೂ ಮುಖ್ಯ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯನ್ನೇ ನೋಡಿರಿ. ಚಿಕ್ಕಬಳ್ಳಾಪುರ, ಗೌರಿಬಿದನೂರುಗಳು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದರೆ, ಶಿಡ್ಲಘಟ್ಟ, ಚಿಂತಾಮಣಿಗಳು ಕೋಲಾರ ಕ್ಷೇತ್ರಕ್ಕೆ ಸೇರಿವೆ. ರೇಷ್ಮೆಯ ಊರಾದ ಶಿಡ್ಲಘಟ್ಟದ ಮಗಳು ಗೌರಿಬಿದನೂರಿಗೆ ಸೊಸೆಯಾಗಿ ಬಂದರೆ ಜಿಲ್ಲೆ ಬದಲಾಗದು. ಆದರೆ ವಿಧಾನಸಭಾ ಕ್ಷೇತ್ರ, ಲೋಕಸಭಾ ಕ್ಷೇತ್ರಗಳೆರಡೂ ಬದಲಾಗುತ್ತವೆ. ತವರಿನ ಗುರುತಿನ ಚೀಟಿಯನ್ನು ತೋರಿಸಿದ ಮಾತ್ರಕ್ಕೆ ಇಲ್ಲಿ ಮತ ನೀಡಲಾಗದು. 8ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಹೆಸರನ್ನು ವರ್ಗಾಯಿಸಿಕೊಳ್ಳಬೇಕು. ಎರಡೂ ಕಡೆ ಹೆಸರಿರುವುದನ್ನು ಕಾನೂನು ಒಪ್ಪುವುದಿಲ್ಲ.

1993ರಲ್ಲಿ ಟಿ. ಎನ್. ಶೇಷನ್ನರ ಕಾಲದಲ್ಲಿ ಆರಂಭವಾದ ಭಾವಚಿತ್ರದ ಚೀಟಿಯು ಗುರುತಿಗೆ ಸಾಧನವೇ ಹೊರತು ಹಕ್ಕಿನ ಮೂಲವಲ್ಲ. ಅದು ಕಳೆದುಹೋದರೂ, ಪಟ್ಟಿಯಲ್ಲಿ ಹೆಸರಿದ್ದರೆ, ಪಾಸ್‌ಪೋರ್ಟ್, ವಾಹನ ಚಾಲನೆಯ ಪರವಾನಗಿ ಮೊದಲಾಗಿ ಆಯೋಗವು ಒಪ್ಪಿದ ಬೇರೆ ದಾಖಲೆಯನ್ನು ತೋರಿಸಬಹುದು. ಹೆಸರೇ ಇಲ್ಲದಿದ್ದರೆ ಯಾವ ಚೀಟಿಯೂ ನೆರವಾಗದು.

ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಸಲ್ಲಿಸಬಹುದು. ಮನೆಯಲ್ಲಿ ಅಂಥ ಮಗನೋ ಮಗಳೋ, ಹೊಸದಾಗಿ ಬಂದ ಸೊಸೆಯೋ ಇದ್ದಲ್ಲಿ, ಚುನಾವಣೆಯ ಡಂಗುರಕ್ಕೆ ಕಾಯದೆ ಇಂದೇ ಪಟ್ಟಿಯನ್ನು ನೋಡಿರಿ.